ಅರೆತಲೆನೋವು: ಕಾರಣ ಹುಡುಕಲು ಒಂದು ನೋಟ್‌ಬುಕ್ ಸಾಕು

ನಾಟಿ ಹಾಕೋ ದಿನ ಹತ್ತು ಆಳು ಗದ್ದೆಯಲ್ಲಿದ್ದಾಗ ಮನೆಯೊಡತಿ ಕತ್ತಲೆ ಕೋಣೆಯಲ್ಲಿ ಮಲಗಿದರೆ ನಷ್ಟ ಎಷ್ಟು? ಕೂಲಿ ಲೆಕ್ಕ ಹಾಕಬಹುದು, ಮಾತಿನ ಲೆಕ್ಕ ಹಾಕೋಕಾಗೋದಿಲ್ಲ. 'ಕೆಲಸ ಬಂದಾಗಲೇ ಇವಳಿಗೆ ತಲೆನೋವು' ಅನ್ನೋ ಮಾತನ್ನು ಕೇಳಿಸಿಕೊಳ್ಳದ ಅರೆತಲೆನೋವಿನ ಹೆಂಗಸು ನಮ್ಮ ಕಡೆ ಇರಲಾರಳು. ಆ ಮಾತಿನಲ್ಲಿ ಅರ್ಧ ನಿಜವೂ ಇದೆ. ಕೆಲಸ ಬಂದಾಗಲೇ ನೋವು ಬರುತ್ತೆ. ಯಾಕೆಂದರೆ ಕೆಲಸದ ದಿನವೇ ಊಟ ತಪ್ಪೋದು, ನಿದ್ರೆ ಕೆಡೋದು, ಬಿಸಿಲು ಬೀಳೋದು.

ನಮ್ಮದು ಹದಿನಾರಿನಲ್ಲಿ ಸ್ವಲ್ಪ ಗದ್ದೆ, ಒಂದಷ್ಟು ಹಿಪ್ಪುನೇರಳೆ, ಒಂದು ಹುಳು ಮನೆ. ನನಗೆ ಹತ್ತೊಂಬತ್ತನೇ ವಯಸ್ಸಿಂದ ಅರೆತಲೆನೋವು, ನಮ್ಮ ತಾಯಿಗೂ ಇತ್ತು. ಬೆಳೆಗೆ ರೋಗ ಬಂದರೆ ಯಾವಾಗ ಬಂತು, ಹಿಂದಿನ ದಿನ ಮಳೆ ಇತ್ತೇ, ಏನು ಗೊಬ್ಬರ ಕೊಟ್ಟಿದ್ದೆವು ಅಂತ ನೋಡ್ತೀವಲ್ಲ, ಅದೇ ಕ್ರಮದಲ್ಲಿ ನೋವನ್ನೂ ಆರು ತಿಂಗಳು ಬರೆದಿಟ್ಟೆ. ಅದರಿಂದ ತಿಳಿದದ್ದನ್ನೂ ವೈದ್ಯರು ಹೇಳಿದ್ದನ್ನೂ ಇಲ್ಲಿ ಒಟ್ಟಿಗೆ ಕೊಟ್ಟಿದ್ದೇನೆ.

ಇದು ಅರೆತಲೆನೋವೇ ಹೌದಾ?

ಎಲ್ಲ ತಲೆನೋವೂ ಅರೆತಲೆನೋವಲ್ಲ. ವೈದ್ಯರು ಹಿಡಿಯುವ ಗುರುತು ಇವು:

* ಮದ್ದು ತೆಗೆದುಕೊಳ್ಳದಿದ್ದರೆ ನೋವು 4 ಗಂಟೆಯಿಂದ 72 ಗಂಟೆವರೆಗೆ ಇರುತ್ತೆ. ಹೀಗೆ ಕನಿಷ್ಠ ಐದು ಬಾರಿ ಬಂದು ಹೋಗಿರಬೇಕು.
* ಹೆಚ್ಚಾಗಿ ತಲೆಯ ಒಂದೇ ಕಡೆ, ನಾಡಿ ಬಡಿದ ಹಾಗೆ ದಬ್ ದಬ್ ಅನ್ನುವ ನೋವು. ಎರಡೂ ಕಡೆ ಬರೋದೂ ಉಂಟು.
* ನಡೆದರೆ, ಮೆಟ್ಟಿಲು ಹತ್ತಿದರೆ, ಬಗ್ಗಿದರೆ ಜಾಸ್ತಿ ಆಗುತ್ತೆ.
* ಜೊತೆಗೆ ಓಕರಿಕೆ ಅಥವಾ ವಾಂತಿ, ಇಲ್ಲವೇ ಬೆಳಕೂ ಸದ್ದೂ ಸಹಿಸೋಕಾಗದ ಸ್ಥಿತಿ.

ಕೆಲವರಿಗೆ ನೋವಿಗೆ ಮೊದಲು ಕಣ್ಣ ಮುಂದೆ ಅಂಕುಡೊಂಕು ಬೆಳಕಿನ ಗೆರೆ ಬರುತ್ತೆ, ಇಲ್ಲವೇ ಕೈ ಜುಮ್ಮೆನ್ನುತ್ತೆ. ಅದು ಐದು ನಿಮಿಷದಿಂದ ಒಂದು ಗಂಟೆ ಇದ್ದು ಹೋಗುತ್ತೆ. ಹೀಗಾಗುವ ಹೆಂಗಸರು ಸಂತಾನ ನಿಯಂತ್ರಣದ ಗುಳಿಗೆ ನುಂಗುತ್ತಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಮಾಲಾ-ಡಿ ತರಹದ ಈಸ್ಟ್ರೋಜನ್ ಇರುವ ಗುಳಿಗೆ ಇಂಥವರಲ್ಲಿ ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತೆ. ಬೇರೆ ವಿಧಾನಗಳಿವೆ.

ಆಯುರ್ವೇದದಲ್ಲಿ ಇದಕ್ಕೆ ಅರ್ಧಾವಭೇದಕ ಅಂತ ಹೆಸರು. ಅಂದರೆ ಇದು ಹೊಸ ಕಾಯಿಲೆಯಲ್ಲ, ಪೇಟೆಯವರ ಕಾಯಿಲೆಯೂ ಅಲ್ಲ. ನಿಮ್ಹಾನ್ಸ್ ವೈದ್ಯರು ಬೆಂಗಳೂರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ 18ರಿಂದ 65 ವಯಸ್ಸಿನ 2,329 ಜನರನ್ನು ವಿಚಾರಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಸುಮಾರು ಶೇ. 25 ಜನಕ್ಕೆ ಅರೆತಲೆನೋವು ಬಂದಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ನಾಲ್ಕು ಜನ ಕೂತ ಜಗಲಿಯಲ್ಲಿ ಒಬ್ಬರಿಗೆ ಇದೆ ಅಂತ ಆಯಿತು. ಇದನ್ನು ಸೋಮಾರಿತನ ಅನ್ನುವವರಿಗೆ ಈ ಲೆಕ್ಕ ತೋರಿಸಿ.

ಕಾರಣ ಬೇರೆ, ಕೆಣಕುವುದು ಬೇರೆ

ಅರೆತಲೆನೋವಿನ ಬೇರು ಮಿದುಳಿನಲ್ಲಿದೆ. ಅದು ಬಹುಪಾಲು ವಂಶದಲ್ಲಿ ಬರುವ ಗುಣ. ಇಂಥ ಮಿದುಳು ಬದಲಾವಣೆಯನ್ನು ಸಹಿಸೋದಿಲ್ಲ. ಹಸಿವು, ನಿದ್ರೆ, ಬೆಳಕು, ವಾಸನೆ ಯಾವುದರಲ್ಲಿ ಏರುಪೇರಾದರೂ ಮುಖ ಮತ್ತು ತಲೆಯ ನರ ಕೆರಳಿ ನೋವು ಶುರುವಾಗುತ್ತೆ. ಬೇರನ್ನು ಕೀಳೋಕಾಗೋದಿಲ್ಲ, ಕೆಣಕುವುದನ್ನು ಕಡಿಮೆ ಮಾಡಬಹುದು.

ಕೆರೆ ಕೋಡಿ ಬೀಳೋದು ಒಂದೇ ಮಳೆಗಲ್ಲ. ಹಿಂದಿನ ಮಳೆಗಳಿಂದ ತುಂಬಿದ ಕೆರೆಗೆ ಕೊನೆಯದೊಂದು ಸಣ್ಣ ಮಳೆ ಸಾಕು. ಹಾಗೇ ಬಿಸಿಲೊಂದೇ ಇದ್ದ ದಿನ ನೋವು ಬರದೆ ಇರಬಹುದು. ಬಿಸಿಲಿನ ಜೊತೆ ಹಸಿವೂ ಸೇರಿದ ದಿನ ಕೋಡಿ ಬೀಳುತ್ತೆ. ಅದಕ್ಕೇ ಬರೆದಿಡದೆ ನೆನಪಿನಿಂದ ಹೇಳಿದ ಕಾರಣ ಎಷ್ಟೋ ಬಾರಿ ಸರಿ ಇರೋದಿಲ್ಲ.

ಬರೆಯುವ ಕ್ರಮ

ಹಾಲಿನ ಲೆಕ್ಕದ ಪುಸ್ತಕವೇ ಸಾಕು. ದಿನಕ್ಕೊಂದು ಸಾಲು. ಎದ್ದ ಹೊತ್ತು, ಮಲಗಿದ ಹೊತ್ತು, ಮೂರು ಊಟದ ಹೊತ್ತು, ಬಿಸಿಲಲ್ಲಿ ಎಷ್ಟು ಗಂಟೆ, ತಲೆಸ್ನಾನ ಇತ್ತೇ, ಮುಟ್ಟಿನ ದಿನವೇ, ಪ್ರಯಾಣ, ಘಾಟು ವಾಸನೆ, ನುಂಗಿದ ಮಾತ್ರೆ, ನೋವು ಶುರುವಾದ ಮತ್ತು ಮುಗಿದ ಹೊತ್ತು. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಬಹುದು, ಕ್ಯಾಲೆಂಡರಿನಲ್ಲಿ ಗುರುತು ಹಾಕಬಹುದು.

ಮುಖ್ಯ ಮಾತು: ನೋವಿಲ್ಲದ ದಿನವನ್ನೂ ಬರೆಯಬೇಕು. ಅದಿಲ್ಲದೆ ಹೋಲಿಸೋಕೆ ಏನೂ ಇರೋದಿಲ್ಲ. ನನ್ನ ಮೊದಲ 90 ದಿನದಲ್ಲಿ 9 ಬಾರಿ ನೋವು ಬಂತು. ಅದರಲ್ಲಿ 4 ಬಿಸಿಲಿನ ದಿನ. ಅಷ್ಟನ್ನೇ ನೋಡಿದರೆ ಬಿಸಿಲೇ ಕಾರಣ ಅನ್ನಬೇಕು. ಆದರೆ ಬಿಸಿಲಲ್ಲಿ ಕೆಲಸ ಮಾಡಿದ ದಿನ ಒಟ್ಟು 24. ಹೊತ್ತಿಗೆ ಸರಿಯಾಗಿ ಊಟ ಮಾಡಿದ 18 ದಿನ ನೋವಿಲ್ಲ. ಮಧ್ಯಾಹ್ನದ ಊಟ ಮೂರು ಗಂಟೆ ದಾಟಿದ ದಿನ 6, ಅದರಲ್ಲೇ ಆ ನಾಲ್ಕೂ ನೋವು. ಬಿಸಿಲನ್ನು ಬಿಡೋಕೆ ಕೃಷಿಕರಿಗೆ ಸಾಧ್ಯವಿಲ್ಲ, ಊಟವನ್ನು ಒಂದು ಗಂಟೆಗೆ ತರೋದು ಸಾಧ್ಯ.

ಉಳಿದ 5ರಲ್ಲಿ 3 ಮುಟ್ಟಿನ ದಿನಗಳಲ್ಲಿ, 2 ಹುಳು ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಸೊಪ್ಪು ಹಾಕೋ ದಿನಗಳಲ್ಲಿ ಬಂದವು. ಉಪ್ಪಿನಕಾಯಿ ಬಿಡು ಅಂತ ಎಲ್ಲರೂ ಹೇಳ್ತಿದ್ದರು. ಅದನ್ನು ತಿಂದ ದಿನಕ್ಕೂ ನೋವಿಗೂ ಪುಸ್ತಕದಲ್ಲಿ ಯಾವ ತಾಳೆಯೂ ಸಿಗಲಿಲ್ಲ.

ಇನ್ನೊಂದು ಎಚ್ಚರ. ನೋವಿಗೆ ಒಂದು ದಿನ ಮೊದಲೇ ಕೆಲವರಿಗೆ ಆಕಳಿಕೆ, ಸಿಡುಕು, ಸಿಹಿ ತಿನ್ನೋ ಆಸೆ ಬರುತ್ತೆ. ಆಗ ಬೆಲ್ಲ ತಿಂದು ಮಾರನೇ ದಿನ ನೋವು ಬಂದರೆ ಬೆಲ್ಲದ ಮೇಲೆ ತಪ್ಪು ಹೊರಿಸಬೇಡಿ. ಆ ಆಸೆಯೇ ನೋವಿನ ಮೊದಲ ಲಕ್ಷಣ ಆಗಿರಬಹುದು.

ನಮ್ಮ ಕಡೆಯ ಕೆಣಕುಗಳು

ಪುಸ್ತಕಗಳಲ್ಲಿ ಚೀಸ್, ರೆಡ್ ವೈನ್ ಅಂತೆಲ್ಲ ಪಟ್ಟಿ ಇರುತ್ತೆ. ನಮ್ಮ ಅಡುಗೆಮನೆಯಲ್ಲಿ ಅವೆಲ್ಲಿ ಬರಬೇಕು? ನಾವು ನೋಡಬೇಕಾದ್ದು ಇವು.

ಹಸಿವು ಮತ್ತು ಉಪವಾಸ: ನಂಜುಂಡೇಶ್ವರನ ಸೋಮವಾರ ಒಪ್ಪೊತ್ತು ಇರುವವರು, ಶಿವರಾತ್ರಿಗೆ ಉಪವಾಸದ ಜೊತೆ ಜಾಗರಣೆ ಮಾಡುವವರು ಬಹಳ ಜನ. ಉಪವಾಸ ಒಂದು, ನಿದ್ರೆಗೇಡು ಇನ್ನೊಂದು, ಎರಡೂ ಒಂದೇ ರಾತ್ರಿ. ವ್ರತ ಬಿಡಿ ಅಂತ ನಾನು ಹೇಳೋದಿಲ್ಲ. ಹಾಲು, ಹಣ್ಣು, ಮಜ್ಜಿಗೆ ಹೊತ್ತುಹೊತ್ತಿಗೆ ತೆಗೆದುಕೊಳ್ಳಿ. ಗದ್ದೆಗೆ ಹೋಗುವ ಮುಂಚೆ ಒಂದು ರಾಗಿ ರೊಟ್ಟಿಯಾದರೂ ಹೊಟ್ಟೆಗೆ ಬೀಳಲಿ.

ನೀರು ಮತ್ತು ಬಿಸಿಲು: ಹೊಲದಲ್ಲಿ ಮರೆ ಇಲ್ಲ ಅಂತ ಹೆಂಗಸರು ನೀರು ಕುಡಿಯೋದನ್ನೇ ಬಿಡ್ತಾರೆ. ಇದನ್ನು ಆಳು ಕರೆಯುವವರು ಗಮನಿಸಬೇಕು. ಗದ್ದೆ ನೀರಿನ ಮೇಲೆ ಹೊಳೆಯುವ ಬಿಸಿಲು ಕಣ್ಣಿಗೆ ಹೊಡೆಯುತ್ತೆ, ಅಗಲ ಅಂಚಿನ ಟೋಪಿ ಸೆರಗಿಗಿಂತ ಮೇಲು.

ನಿದ್ರೆ: ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಎದ್ದು ಮೋಟಾರ್ ಹಾಕೋದು, ಹುಳುವಿಗೆ ಸೊಪ್ಪು ಹಾಕೋದು ತಪ್ಪಿಸೋಕಾಗೋದಿಲ್ಲ, ಸರದಿ ಮಾಡಿಕೊಳ್ಳಬಹುದು. ನಮ್ಮ ಮನೆಯಲ್ಲಿ ಕೊನೆ ವಾರ ಮಧ್ಯರಾತ್ರಿ ಸೊಪ್ಪು ನಮ್ಮ ಯಜಮಾನರದ್ದು, ಬೆಳಗಿನ ಜಾವದ್ದು ನನ್ನದು. ಅತಿಯಾಗಿ ನಿದ್ರೆ ಮಾಡಿದರೂ ಕೆಲವರಿಗೆ ನೋವು ಬರುತ್ತೆ.

ತಲೆಸ್ನಾನ: ಇದು ನಮ್ಮ ದೇಶದಲ್ಲಿ ವಿಶೇಷವಾಗಿ ಕಾಣುವ ಕೆಣಕು. ಮುಂಬಯಿಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್ 2006ರಲ್ಲಿ ಇಂಥ 94 ರೋಗಿಗಳ ವಿವರ ಪ್ರಕಟಿಸಿದ್ದಾರೆ. ನನಗೆ ಮುಟ್ಟಿನ ದಿನಗಳಲ್ಲಿ ಬಂದ ಮೂರು ನೋವಿನಲ್ಲಿ ಎರಡು ತಲೆಸ್ನಾನದ ಸಂಜೆಯೇ ಬಂದಿದ್ದವು. ಮುಟ್ಟೋ, ಸ್ನಾನವೋ? ಗೊತ್ತಾಗಲು ಒಂದನ್ನು ಮಾತ್ರ ಬದಲಿಸಬೇಕು. ಒಂದೇ ತಾಕಿಗೆ ಹೊಸ ತಳಿಯನ್ನೂ ಹೊಸ ಗೊಬ್ಬರವನ್ನೂ ಒಟ್ಟಿಗೆ ಕೊಟ್ಟರೆ ಯಾವುದರಿಂದ ಇಳುವರಿ ಬಂತು ಅಂತ ಹೇಳೋದು ಹೇಗೆ? ತಿಂಡಿ ತಿಂದ ಮೇಲೆ, ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ, ಕೂದಲು ಒಣಗಿಸಿಯೇ ಹೊರಗೆ ಹೋದೆ. ಮುಂದಿನ ಮೂರು ತಿಂಗಳಲ್ಲಿ ಮುಟ್ಟಿನ ನೋವು ಎರಡು ಬಾರಿ ಬಂತು, ಎರಡೂ ಮುಟ್ಟಿನ ಹಿಂದಿನ ದಿನ. ಸ್ನಾನದ ದಿನ ಬರಲಿಲ್ಲ. ಲೆಕ್ಕ ಸಣ್ಣದು, ಆದರೆ ಆ ಕ್ರಮವನ್ನು ನಾನು ಬಿಟ್ಟಿಲ್ಲ.

ಇಲ್ಲೇ ಒಂದು ಮಾತು. ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗಲೇ ಮಂಕು ಕವಿದು ಎಚ್ಚರ ತಪ್ಪಿದರೆ, ಕೈಕಾಲು ಸೆಟೆದರೆ ಅದು ಅರೆತಲೆನೋವಲ್ಲ. ಬಿಸಿನೀರಿನ ಮೂರ್ಛೆ ರೋಗ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬಂದಿದೆ. ಅದಕ್ಕೆ ಬೇರೆ ಚಿಕಿತ್ಸೆ ಇದೆ, ನರರೋಗ ವೈದ್ಯರಿಗೆ ತೋರಿಸಿ.

ವಾಸನೆ: ಊದುಬತ್ತಿ, ಸೆಂಟು, ಪೆಟ್ರೋಲು, ಒಗ್ಗರಣೆ ಘಾಟು, ಕೆಲವರಿಗೆ ಮಲ್ಲಿಗೆ ಹೂವೂ ಆಗೋದಿಲ್ಲ.

ಟೀ, ಕಾಫಿ: ದಿನಾ ಐದಾರು ಲೋಟ ಕುಡಿಯುವವರು ಒಂದು ದಿನ ತಪ್ಪಿಸಿದರೂ ತಲೆನೋವು ಬರುತ್ತೆ. ಒಮ್ಮೆಲೇ ಬಿಡದೆ ನಿಧಾನವಾಗಿ ಎರಡಕ್ಕೆ ಇಳಿಸಿ.

ಇವು ಅರೆತಲೆನೋವಲ್ಲ, ವಿಷ

ಕೃಷಿಕರು ಇದನ್ನು ಬೇರೆಯಾಗಿ ತಿಳಿದಿರಬೇಕು. ಔಷಧಿ ಹೊಡೆದ ಮೇಲೆ ತಲೆನೋವಿನ ಜೊತೆ ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು, ಉಸಿರು ಕಟ್ಟಿದ ಹಾಗೆ ಆದರೆ ಅದು ಕೀಟನಾಶಕದ ವಿಷ. ಬಟ್ಟೆ ಬಿಚ್ಚಿ, ಸೋಪು ಹಾಕಿ ಮೈ ತೊಳೆದು, ಡಬ್ಬಿಯ ಲೇಬಲ್ ಜೊತೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಚಳಿಗಾಲದಲ್ಲಿ ಹುಳು ಮನೆಗೆ ಶಾಖ ಕೊಡಲು ಇದ್ದಿಲ ಒಲೆ ಇಟ್ಟು ಬಾಗಿಲು ಮುಚ್ಚುತ್ತೀವಿ. ಒಳಗಿದ್ದವರಿಗೆಲ್ಲ ಒಟ್ಟಿಗೆ ತಲೆನೋವು, ತಲೆಸುತ್ತು ಬಂದರೆ ಅದು ಕಾರ್ಬನ್ ಮೊನಾಕ್ಸೈಡ್. ಆ ಗಾಳಿಗೆ ವಾಸನೆ ಇಲ್ಲ, ಪ್ರಾಣವನ್ನೇ ತೆಗೆಯುತ್ತೆ. ಎಲ್ಲರನ್ನೂ ಹೊರಗೆ ತನ್ನಿ, ಬಾಗಿಲು ಕಿಟಕಿ ತೆರೆಯಿರಿ, ಆಸ್ಪತ್ರೆಗೆ ಹೋಗಿ. ಮುಚ್ಚಿದ ಪಂಪ್‌ಹೌಸಿನ ಡೀಸೆಲ್ ಎಂಜಿನ್ನಿಗೂ ಇದೇ ಮಾತು.

ನೋವು ಬಂದಾಗ

ಕತ್ತಲೆ, ಸದ್ದಿಲ್ಲದ ಕೋಣೆಯಲ್ಲಿ ಮಲಗಿ. ಹಣೆಗೆ ತಣ್ಣೀರ ಬಟ್ಟೆ ಹಾಕಿ. ಓಕರಿಕೆ ಇದ್ದರೆ ಶುಂಠಿ ಕಷಾಯ ಕೆಲವರಿಗೆ ಹಿತ. ಮೂಗಿಗೆ, ಕಿವಿಗೆ ಸೊಪ್ಪಿನ ರಸ ಬಿಡೋದು, ಹಣೆ ಸುಡೋದು ಬೇಡ.

ಮಾತ್ರೆಯನ್ನು ನೋವು ಏರುವ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ಹೊಟ್ಟೆ ಅದನ್ನು ಸರಿಯಾಗಿ ಹೀರೋದಿಲ್ಲ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಸಾಮಾನ್ಯವಾದವು. ಎಷ್ಟು ಅಂತ ಒಮ್ಮೆ ವೈದ್ಯರಿಂದ ಬರೆಸಿಕೊಂಡು ಮನೆಯಲ್ಲಿಡಿ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಬಸಿರು ಇದ್ದವರು ಕೇಳದೆ ನುಂಗಬಾರದು. ಇವುಗಳಿಗೆ ಜಗ್ಗದಿದ್ದರೆ ಟ್ರಿಪ್ಟಾನ್ ಅನ್ನುವ ಗುಳಿಗೆಗಳಿವೆ, ಹೃದಯರೋಗ ಇದ್ದವರಿಗೆ ಅವು ಆಗೋದಿಲ್ಲ.

ಮಾತ್ರೆಯೇ ನೋವಾಗುವುದು

ಪೆಟ್ಟಿಗೆ ಅಂಗಡಿಯಲ್ಲಿ ಬಿಡಿ ಮಾತ್ರೆ ಕೊಂಡು ದಿನಾ ನುಂಗುವವರಿಗೆ ಇದು ಮುಖ್ಯ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಟ್ರಿಪ್ಟಾನ್, ಎರ್ಗಾಟ್ ಅಥವಾ ಎರಡು ಮೂರು ಮದ್ದು ಬೆರೆಸಿದ ಮಾತ್ರೆಯನ್ನು ತಿಂಗಳಿಗೆ 10 ದಿನ ಮುಟ್ಟುವಷ್ಟು ಮೂರು ತಿಂಗಳಿಗೂ ಮೇಲೆ ನುಂಗಿದರೆ, ಮಾತ್ರೆಯಿಂದಲೇ ತಲೆನೋವು ನಿತ್ಯದ್ದಾಗುತ್ತೆ. ಕೀಟನಾಶಕ ಹೊಡೆದಷ್ಟೂ ಹುಳ ಜಗ್ಗದ ಹಾಗೆ. ವಾರಕ್ಕೆ ಎರಡು ದಿನ ಮೀರಬಾರದು ಅಂತ ಇಟ್ಟುಕೊಳ್ಳಿ. ಈಗಾಗಲೇ ಮೀರಿದ್ದರೆ ವೈದ್ಯರ ಸಲಹೆಯಲ್ಲೇ ಬಿಡಿ. ಬಿಟ್ಟ ಮೊದಲ ಕೆಲವು ದಿನ ನೋವು ಹೆಚ್ಚಿ ಆಮೇಲೆ ಇಳಿಯುತ್ತೆ.

ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ನೋವು ಕೆಲಸ ಕೆಡಿಸುತ್ತಿದ್ದರೆ ನೋವು ಬರದಂತೆ ತಡೆಯುವ ದಿನನಿತ್ಯದ ಮದ್ದು ಕೇಳಿ. ಪ್ರೊಪ್ರನಲಾಲ್ (ಉಬ್ಬಸ ಇದ್ದವರಿಗೆ ಬೇಡ), ಅಮಿಟ್ರಿಪ್ಟಲಿನ್ ಅಂಥವು ಹಳೆಯವು, ದುಬಾರಿಯಲ್ಲ. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ವಾರಕ್ಕೇ ಬಿಡಬೇಡಿ. ನನ್ನ ಎರಡನೇ ಮೂರು ತಿಂಗಳಲ್ಲಿ ನೋವು 9ರಿಂದ 4ಕ್ಕೆ ಇಳಿದಿದ್ದರಿಂದ ನನಗೆ ವೈದ್ಯರು ಇವನ್ನು ಬರೆಯಲಿಲ್ಲ.

ತಡ ಮಾಡದೆ ಆಸ್ಪತ್ರೆಗೆ

* ಸಿಡಿಲು ಬಡಿದ ಹಾಗೆ ಒಮ್ಮೆಲೇ ಬಂದ, ಹಿಂದೆಂದೂ ಕಾಣದ ನೋವು
* ಜ್ವರದ ಜೊತೆ ಕತ್ತು ಬಿಗಿತ
* ಮಾತು ತೊದಲು, ಕೈಕಾಲು ಸ್ವಾಧೀನ ತಪ್ಪುವುದು, ಮೂರ್ಛೆ, ದೃಷ್ಟಿ ಹೋಗುವುದು
* ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು
* ಬಸುರಿ, ಬಾಣಂತಿಗೆ ಹೊಸದಾಗಿ ಬಂದ ನೋವು
* 50 ವಯಸ್ಸಿನ ಮೇಲೆ ಮೊದಲ ಬಾರಿ ಶುರುವಾದದ್ದು, ದಿನದಿನಕ್ಕೆ ಏರುವುದು

ಉಳಿದವರಿಗೆ ಅವಸರವಿಲ್ಲ. ಗುರುತುಗಳು ಸರಿಹೊಂದಿ ಪರೀಕ್ಷೆಯಲ್ಲಿ ಬೇರೇನೂ ಕಾಣದಿದ್ದರೆ ಸಾಮಾನ್ಯವಾಗಿ ಸ್ಕ್ಯಾನ್ ಬೇಕಾಗೋದಿಲ್ಲ. ಮೊದಲು ನಂಜನಗೂಡು ಅಥವಾ ತಿ. ನರಸೀಪುರದ ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಕಳಿಸಿದರೆ ಮೈಸೂರಿನ ಕೆ.ಆರ್. ಆಸ್ಪತ್ರೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರು ಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮದಲ್ಲಿ ತಲೆನೋವೂ ಸೇರಿದೆ, ಆಸ್ಪತ್ರೆಯಲ್ಲಿ ವಿಚಾರಿಸಿ.

ಹೋಗುವಾಗ ನೋಟ್‌ಬುಕ್ ಮರೆಯಬೇಡಿ. ಸಾಲಿನಲ್ಲಿ ನೂರು ಜನ ಇರುವಾಗ ವೈದ್ಯರಿಗೆ ನಮ್ಮ ಕಥೆ ಕೇಳೋಕೆ ಹೊತ್ತಿರೋದಿಲ್ಲ. ಮೂರು ತಿಂಗಳ ಲೆಕ್ಕವನ್ನು ಎರಡು ನಿಮಿಷದಲ್ಲಿ ನೋಡಿ ಮದ್ದು ಬರೆಯಬಲ್ಲರು.