ತಿಥಿ, ದಿನಾಂಕ, ಕಾಲಮುದ್ರೆ: ಒಂದು ವಿವೇಚನೆ

ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ವಶವಾದದ್ದು 1799ನೆಯ ಇಸವಿ ಮೇ 4, ಶನಿವಾರ. ಈ ದಿನಾಂಕ ನಮ್ಮ ಶಾಲೆಗಳ ಮಕ್ಕಳಿಗೆ ಬಾಯಿಪಾಠವಾಗಿದೆ. ಆದರೆ ಅದೇ ದಿನವನ್ನು ಆ ಕಾಲದಲ್ಲಿ ಪ್ರಚಲಿತವಾಗಿದ್ದ ಬೇರೆ ಬೇರೆ ಗಣನೆಗಳಲ್ಲಿ ಇಟ್ಟು ನೋಡಿದರೆ ಒಂದು ತೊಡಕು ಎದುರಾಗುತ್ತದೆ. ಮುತ್ತಿಗೆಯ ಸೇನೆ ಕೋಟೆಯೊಳಕ್ಕೆ ನುಗ್ಗಿದ್ದು ಮಧ್ಯಾಹ್ನದಲ್ಲಿ. ಟಿಪ್ಪು ಸುಲ್ತಾನನ ದೇಹ ದೊರೆತದ್ದು ಕತ್ತಲಾದ ಮೇಲೆ, ದೀವಟಿಗೆಯ ಬೆಳಕಿನಲ್ಲಿ. ಇಂಗ್ಲಿಷರ ದಿನ ನಡುರಾತ್ರಿಯಲ್ಲಿ ಬದಲಾಗುವುದರಿಂದ ಇವೆರಡೂ ಮೇ 4ರ ಘಟನೆಗಳೇ. ಪಂಚಾಂಗದ ವಾರ ಒಂದು ಸೂರ್ಯೋದಯದಿಂದ ಮತ್ತೊಂದು ಸೂರ್ಯೋದಯದವರೆಗೆ; ಅಲ್ಲಿಯೂ ಇವು ಸಿದ್ಧಾರ್ಥಿ ಸಂವತ್ಸರದ ಚೈತ್ರ ಬಹುಳದ ಒಂದೇ ಶನಿವಾರಕ್ಕೆ ಸೇರುತ್ತವೆ. ಹಿಜರಿ ಗಣನೆಯ ದಿನವಾದರೋ ಸೂರ್ಯಾಸ್ತದೊಡನೆ ಆರಂಭವಾಗುತ್ತದೆ. ಆ ಗಣನೆಯಂತೆ ಕೋಟೆ ಬಿದ್ದದ್ದು ಒಂದು ತಾರೀಖು, ದೇಹ ದೊರೆತದ್ದು ಅದರ ಮರುತಾರೀಖು. (ಟಿಪ್ಪುವೇ ಬಳಕೆಗೆ ತಂದ ಮೌಲೂದಿ ಶಕೆ ಇನ್ನೊಂದು ಬಗೆ. ಪಟ್ಟಣದ ಟಂಕಸಾಲೆಯ ನಾಣ್ಯಗಳ ಮೇಲಿನ ಆ ವರ್ಷಸಂಖ್ಯೆಯನ್ನು ಬಲದಿಂದ ಎಡಕ್ಕೆ ಓದಬೇಕೆಂಬುದನ್ನು ಅರಿಯದವನು ಶತಮಾನಗಳಷ್ಟು ದಾರಿ ತಪ್ಪುವನು.)

ಘಟನೆ ನಡೆಯುವುದು ಕ್ಷಣದಲ್ಲಿ. ದಿನಾಂಕವು ಅಂತಹ ಅಸಂಖ್ಯ ಕ್ಷಣಗಳ ಗುಂಪಿಗೆ ನಾವಿಟ್ಟ ಹೆಸರು. ಆ ಗುಂಪು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಹೇಳದೆ ದಿನಾಂಕವನ್ನು ಹೇಳಿದರೆ ಅರ್ಧ ಮಾತನ್ನೇ ಹೇಳಿದಂತೆ. ವಿದ್ಯಾಸಂಸ್ಥೆಗಳ ಪ್ರವೇಶದ ದಾಖಲೆಯೂ ದಾನಿಗಳ ಕಾಣಿಕೆಯ ಲೆಕ್ಕವೂ ಗಣಕಯಂತ್ರಕ್ಕೆ ಏರಿರುವ ಈ ಕಾಲದಲ್ಲಿ ಈ ವಿಚಾರ ಪಂಡಿತರ ಕಾಲಕ್ಷೇಪಕ್ಕೆ ಮಾತ್ರ ಸೇರಿದುದಲ್ಲ. ಆದುದರಿಂದಲೇ ಈ ಕಿರುಲೇಖನ.

ಮೊದಲು ನಮ್ಮ ಶಾಸನಗಳನ್ನು ನೋಡೋಣ. ಬಿ. ಎಲ್. ರೈಸ್ ಅವರು ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದಿತು. ಅದರ 6ನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳೂ 7ನೆಯದರಲ್ಲಿ ನಾಗಮಂಗಲದವೂ ಸೇರಿವೆ. ಈ ಬಗೆಯ ದಾನಶಾಸನಗಳಲ್ಲಿ ಶಕವರ್ಷವೊಂದನ್ನೇ ಹೇಳಿ ಸುಮ್ಮನಾಗುವುದು ವಿರಳ. ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಇವು ಒಂದನ್ನೊಂದು ಕಾಯುವ ಸಾಕ್ಷಿಗಳಂತೆ ಬರುತ್ತವೆ. ಇದು ಆಡಂಬರವಲ್ಲ. ಶಕವರ್ಷವನ್ನು ಸಂದ ವರ್ಷವಾಗಿಯೂ ಎಣಿಸಬಹುದು, ನಡೆಯುತ್ತಿರುವ ವರ್ಷವಾಗಿಯೂ ಎಣಿಸಬಹುದು. 1799ರ ಬೇಸಗೆಯಲ್ಲಿ 1721 ಸಂದು 1722 ನಡೆಯುತ್ತಿತ್ತು. ಸಂಖ್ಯೆಯೊಂದೇ ಇದ್ದರೆ ಒಂದು ವರ್ಷದ ಸಂದೇಹ ಉಳಿಯುತ್ತದೆ. ಸಿದ್ಧಾರ್ಥಿ ಎಂಬ ಹೆಸರು ಜೊತೆಗಿದ್ದರೆ ಸಂದೇಹ ಹರಿಯುತ್ತದೆ.

ತಿಥಿಯ ಸ್ವರೂಪ ಇನ್ನೂ ಸೂಕ್ಷ್ಮವಾದುದು. ಚಂದ್ರನು ಸೂರ್ಯನಿಂದ 12 ಅಂಶಗಳಷ್ಟು ಮುಂದೆ ಸರಿಯುವ ಕಾಲವೇ ಒಂದು ತಿಥಿ. ಅದು ಹಗಲಿನಲ್ಲಿ ಮೊದಲಾಗಬಹುದು, ನಡುರಾತ್ರಿಯಲ್ಲಿಯೂ ಮೊದಲಾಗಬಹುದು; ಅದರ ಅವಧಿ ಸುಮಾರು 19 ಗಂಟೆಯಿಂದ 26 ಗಂಟೆಯವರೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ವ್ಯವಹಾರದಲ್ಲಿ ಸೂರ್ಯೋದಯಕ್ಕೆ ಇರುವ ತಿಥಿಯೇ ಆ ದಿನದ ತಿಥಿ. ಹೀಗಾಗಿ ಒಂದು ಸೂರ್ಯೋದಯದ ಬಳಿಕ ಹುಟ್ಟಿ ಮುಂದಿನ ಸೂರ್ಯೋದಯಕ್ಕೆ ಮುನ್ನವೇ ಮುಗಿಯುವ ತಿಥಿಗೆ ತನ್ನದೆನ್ನುವ ದಿನವೇ ಇಲ್ಲ. ಅದೇ ಕ್ಷಯ ತಿಥಿ. ಆ ತಿಥಿಯಲ್ಲಿ ಕೊಟ್ಟ ದಾನವನ್ನು ದಿನದ ಹೆಸರಿನಿಂದಲೇ ಹುಡುಕಹೊರಟವನಿಗೆ ದಾನ ಸಿಕ್ಕುವುದಿಲ್ಲ. ದಾನ ನಡೆಯಲಿಲ್ಲವೆಂದಲ್ಲ, ಹುಡುಕಿದ ರೀತಿ ಸರಿಯಿಲ್ಲ. ಸ್ವಾಮಿಕಣ್ಣು ಪಿಳ್ಳೆಯವರು ಕ್ರಿ.ಶ. 700ರಿಂದ 1799ರವರೆಗಿನ ಕಾಲಕ್ಕೆ ರಚಿಸಿ 1922ರಲ್ಲಿ ಪ್ರಕಟಿಸಿದ ಗಣಿತಕೋಷ್ಟಕಗಳಲ್ಲಿ ತಿಥಿ ಮುಗಿಯುವ ಹೊತ್ತನ್ನು ದಿನದ ಭಾಗವಾಗಿ ದಶಾಂಶದಲ್ಲಿ ಕೊಟ್ಟಿರುವುದು ಈ ಕಾರಣಕ್ಕಾಗಿಯೇ. ಸೂರ್ಯಗ್ರಹಣದಲ್ಲಿ, ಉತ್ತರಾಯಣ ಸಂಕ್ರಮಣದಲ್ಲಿ ಕೊಟ್ಟ ದಾನಗಳಲ್ಲಂತೂ ದಾನಿಯ ಲಕ್ಷ್ಯವಿದ್ದದ್ದು ದಿನದ ಮೇಲಲ್ಲ, ಪುಣ್ಯಕಾಲದ ಮೇಲೆ.

ಇನ್ನು ಗಣಕಯಂತ್ರದ ಮಾತು. ದಾಖಲೆ ಸೇರಿದ ಕ್ಷಣವನ್ನೇ ಅದು ಅಚ್ಚೊತ್ತಿ ಇಟ್ಟುಕೊಳ್ಳುತ್ತದೆ. ಟೈಮ್‌ಸ್ಟ್ಯಾಂಪ್ ಎಂದು ಕರೆಯುವ ಇದನ್ನು ನಾನು ಕಾಲಮುದ್ರೆ ಎನ್ನುತ್ತೇನೆ. ಅನೇಕ ಗಣಕಗಳಲ್ಲಿ ಅದು 1970ನೆಯ ಇಸವಿ ಜನವರಿ 1ರ ನಡುರಾತ್ರಿಯಿಂದ ಎಣಿಸಿದ ಸೆಕೆಂಡುಗಳ ಸಂಖ್ಯೆ ಮಾತ್ರ. ಅದರಲ್ಲಿ ವಾರವೂ ಇಲ್ಲ, ತಾರೀಖೂ ಇಲ್ಲ.

ಒಂದು ಉದಾಹರಣೆ. ಲೆಕ್ಕದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಗುಮಾಸ್ತೆಯು ಡೇಟಾಬೇಸನ್ನು “ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಕಾಣಿಕೆಗಳನ್ನು ಕೊಡು” ಎಂದು ಕೇಳುತ್ತಾನೆ. ಹೊತ್ತನ್ನು ಹೇಳದಿದ್ದರೆ ಯಂತ್ರವು ಮಾರ್ಚ್ 31 ಎಂಬುದನ್ನು ಆ ದಿನ ಹುಟ್ಟಿದ ಕ್ಷಣವೆಂದೇ ಗ್ರಹಿಸುತ್ತದೆ. ಅಂದು ಬೆಳಿಗ್ಗೆ ಹತ್ತು ಗಂಟೆಗೆ ಬಂದ ಕಾಣಿಕೆ ಆ ಕ್ಷಣವನ್ನು ದಾಟಿದೆ. ಆದ್ದರಿಂದ ಪಟ್ಟಿಗೆ ಸೇರದು. ತೆರಿಗೆಯ ವಿನಾಯಿತಿಯನ್ನು ನೆನೆದು ಕಡೆಯ ದಿನ ಹಣ ಕಳುಹಿಸುವ ದಾನಿಗಳು ಕಡಮೆಯೇನಲ್ಲ. ಅವರ ಹೆಸರು ಪಟ್ಟಿಯಲ್ಲಿ ಕಾಣದೆ ಹೋದರೆ ಸಂಸ್ಥೆಯ ಪ್ರಾಮಾಣಿಕತೆಯ ಮೇಲೆಯೇ ಸಂಶಯ ಬರುವುದಲ್ಲವೇ? ಕೆಲವರು ಇದಕ್ಕೆ ಪರಿಹಾರವಾಗಿ “ಮಾರ್ಚ್ 31, ರಾತ್ರಿ 11 ಗಂಟೆ 59 ನಿಮಿಷ 59 ಸೆಕೆಂಡಿನವರೆಗೆ” ಎಂದು ಕೇಳುವುದುಂಟು. ಸೆಕೆಂಡಿನ ಭಾಗಗಳನ್ನೂ ಬರೆದಿಡುವ ಯಂತ್ರದಲ್ಲಿ ಕೊನೆಯ ಸೆಕೆಂಡಿನೊಳಗೆ ಬಂದದ್ದು ಆಗಲೂ ಜಾರಿಹೋದೀತು. ಸರಿಯಾದ ಪ್ರಶ್ನೆ ಹೀಗೆ: ಏಪ್ರಿಲ್ 1 ಹುಟ್ಟಿದ ಕ್ಷಣವನ್ನು ಒಳಗೊಂಡು, ಮುಂದಿನ ಏಪ್ರಿಲ್ 1 ಹುಟ್ಟುವ ಕ್ಷಣಕ್ಕೆ ಮುಂಚಿನದೆಲ್ಲ. ಆರಂಭ ಒಳಗೆ, ಅಂತ್ಯ ಹೊರಗೆ. ಪಂಚಾಂಗದ ವಾರವೂ ಇದೇ ಕ್ರಮದ್ದು. ಮರುದಿನದ ಸೂರ್ಯೋದಯ ಮರುದಿನಕ್ಕೇ ಸೇರಿದುದು.

ಪ್ರತಿಯೊಂದು ದಾಖಲೆಯ ಕಾಲಮುದ್ರೆಯಿಂದ ಹೊತ್ತನ್ನು ಕಳೆದು, ಉಳಿದ ತಾರೀಖನ್ನು ಹೋಲಿಸುವ ಕ್ರಮವೂ ಇದೆ. ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಯಂತ್ರ ಸಾಮಾನ್ಯವಾಗಿ ಒಂದೊಂದು ದಾಖಲೆಯನ್ನೂ ತೆರೆದು ನೋಡಬೇಕಾಗುತ್ತದೆ. ಅನುಕ್ರಮಣಿಕೆಯಿರುವ ಗ್ರಂಥವನ್ನು ಮೊದಲ ಪುಟದಿಂದ ಮಗುಚುತ್ತ ಕುಳಿತಂತೆ.

ಉಳಿದದ್ದು ಸ್ಥಳದ ಪ್ರಶ್ನೆ. ಭಾರತದ ಪ್ರಮಾಣಕಾಲ ಬಳಕೆಗೆ ಬಂದದ್ದು 1906ರ ಜನವರಿ 1ರಂದು. ಅದು ಪೂರ್ವ ರೇಖಾಂಶ 82½ ಅಂಶಕ್ಕೆ ಹೊಂದಿದುದು. ಶ್ರೀರಂಗಪಟ್ಟಣದ ಸ್ವಂತ ಸರಾಸರಿ ಕಾಲ ಅದಕ್ಕಿಂತ ಸುಮಾರು 23 ನಿಮಿಷ ಹಿಂದೆ. ಪಂಚಾಂಗ ನೋಡುವವರಿಗೆ ಈ ವ್ಯತ್ಯಾಸ ಹೊಸದಲ್ಲ. ಗಣಕಗಳಲ್ಲಾದರೋ ಬಹುಪಾಲು ಯು.ಟಿ.ಸಿ. ಎಂಬ ಜಾಗತಿಕ ಕಾಲವನ್ನು ಇಡುತ್ತಾರೆ. ಅದು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮಲ್ಲಿ ಏಪ್ರಿಲ್ 1 ಹುಟ್ಟುವಾಗ ಅಲ್ಲಿ ಮಾರ್ಚ್ 31ರ ಸಂಜೆ ಆರೂವರೆ. ಆ ಕ್ಷಣದಿಂದಲೇ ನಮ್ಮ ವರ್ಷವನ್ನು ಕೇಳಬೇಕು. ಇಲ್ಲವಾದರೆ ನಡುರಾತ್ರಿಯಿಂದ ಬೆಳಗಿನ ಐದೂವರೆಯವರೆಗೆ ಬಂದದ್ದೆಲ್ಲ ಹಿಂದಿನ ದಿನಕ್ಕೆ, ವರ್ಷಾರಂಭದಲ್ಲಾದರೆ ಹಿಂದಿನ ವರ್ಷಕ್ಕೆ, ಸೇರಿಹೋಗುತ್ತದೆ.

ಶಿವರಾತ್ರಿಯ ಜಾಗರಣೆಯಲ್ಲಿ ರಾತ್ರಿ ಎರಡು ಗಂಟೆಗೆ ಭಕ್ತರೊಬ್ಬರು ಮೊಬೈಲಿನ ಮೂಲಕ ದಾಸೋಹಕ್ಕೆ ಕಾಣಿಕೆ ಕಳುಹಿಸಿದರೆನ್ನಿ. ಭಾರತದ ಕಾಲದಂತೆ ಅದು ಮರುದಿನದ ತಾರೀಖು, ಯು.ಟಿ.ಸಿ.ಯಂತೆ ಹಿಂದಿನ ದಿನದ್ದೇ. ಭಕ್ತರ ಮನಸ್ಸಿಗೆ ಒಪ್ಪುವ ಉತ್ತರ ಇಲ್ಲಿ ತಪ್ಪು ಲೆಕ್ಕದಿಂದ ಆಕಸ್ಮಿಕವಾಗಿ ಬಂದಿದೆಯೆಂದು ಅದನ್ನು ನಂಬಿ ಕೂರಬಾರದು. ಶಿವರಾತ್ರಿಯ ನಿರ್ಣಯವೇ ಸೂರ್ಯೋದಯದ ತಿಥಿಯಿಂದಲ್ಲ, ನಡುರಾತ್ರಿಯ ಚತುರ್ದಶಿಯಿಂದ. ಆದಕಾರಣ ರಸೀದಿಗೆ ನಮ್ಮ ಕಾಲದ ತಾರೀಖನ್ನೇ ಹಾಕಿ, ಕಾಲಮುದ್ರೆಯನ್ನು ಇದ್ದಂತೆಯೇ ಉಳಿಸಿ, ಕಾಣಿಕೆಯ ನಿಮಿತ್ತವನ್ನು ಬರೆಯಲು ಬೇರೊಂದು ಅಂಕಣವನ್ನು ಇಡುವುದು ಯುಕ್ತ. ಸಂಕ್ರಮಣದ ದಾನಕ್ಕೆ ನಮ್ಮ ಶಾಸನಕಾರರು ತಿಥಿವಾರಗಳ ಪಕ್ಕದಲ್ಲಿಯೇ ಸಂಕ್ರಮಣವನ್ನೂ ಹೆಸರಿಸಿ ಕೆತ್ತಿಸಿದ್ದು ಹೀಗೆಯೇ.