ತೊಡೆಯ ಸ್ನಾಯುಗಳ ಸಮತೋಲ

ಸಂಜೆಯ ಹೊತ್ತು ಶಾಲೆಯ ಬಯಲಿನಲ್ಲಿ ಕಬಡ್ಡಿ, ಖೋಖೋ ಆಡುವ ಮಕ್ಕಳನ್ನೂ ತರುಣರನ್ನೂ ನೀವು ನೋಡಿರುತ್ತೀರಿ. ಅವರಲ್ಲಿ ನಿಮ್ಮ ಮಗನೋ ಮಗಳೋ ಇರಬಹುದು. ಆಟವು ದೇಹಕ್ಕೆ ಬಲವನ್ನೂ ಮನಸ್ಸಿಗೆ ಉಲ್ಲಾಸವನ್ನೂ ಕೊಡುತ್ತದೆ. ಆದರೆ ವೇಗವಾಗಿ ಓಡುವಾಗ ತೊಡೆಯ ಹಿಂಭಾಗ ಒಮ್ಮೆ ಹಿಡಿದುಕೊಂಡರೆ, ಕೆಲವು ದಿನಗಳಲ್ಲಿ ನೋವು ಇಳಿದರೂ, ಮತ್ತೆ ಆಡಲು ಹೋದಾಗ ಅದೇ ಜಾಗದಲ್ಲಿ ಪುನಃ ಹಿಡಿದುಕೊಳ್ಳುವುದುಂಟು. ಇದನ್ನು ಹಣೆಬರಹವೆಂದು ಭಾವಿಸಬಾರದು. ನೋವು ಹೋಗಿದ್ದರೂ ಸ್ನಾಯುವಿನ ಬಲ ಮರಳಿ ಬಂದಿರುವುದಿಲ್ಲ ಎಂಬುದೇ ಅನೇಕ ವೇಳೆ ಇದಕ್ಕೆ ಕಾರಣ.

ಅಸಮತೋಲವೆಂದರೇನು?

ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳ ಗುಂಪೊಂದಿದೆ. ಅದು ಮಂಡಿಯನ್ನು ನೇರ ಮಾಡುತ್ತದೆ. ಹಿಂಭಾಗದಲ್ಲಿರುವ ಮೂರು ಸ್ನಾಯುಗಳು ಮಂಡಿಯನ್ನು ಮಡಿಸುತ್ತವೆ ಮತ್ತು ತೊಡೆಯನ್ನು ಹಿಂದಕ್ಕೆ ಸೆಳೆಯುತ್ತವೆ. ಓಡುವಾಗ ಮುಂದಕ್ಕೆ ಬೀಸಿದ ಕಾಲು ನೆಲವನ್ನು ಮುಟ್ಟುವ ಮುನ್ನ ಅದನ್ನು ತಡೆದು ಹಿಡಿಯುವ ಕೆಲಸವೂ ಈ ಹಿಂಭಾಗದ ಸ್ನಾಯುಗಳದೇ. ಆ ಕ್ಷಣದಲ್ಲಿ ಅವು ಹಿಗ್ಗುತ್ತಲೇ ಬಿಗಿದುಕೊಂಡಿರುತ್ತವೆ. ಬ್ರೇಕು ದುರ್ಬಲವಾದ ಬಂಡಿ ಇಳಿಜಾರಿನಲ್ಲಿ ಅಪಾಯಕ್ಕೊಳಗಾಗುವಂತೆ, ದುರ್ಬಲವಾದ ಹಿಂಭಾಗದ ಸ್ನಾಯು ವೇಗದ ಓಟದಲ್ಲಿ ಹರಿಯಬಹುದು.

ಅಸಮತೋಲವು ಎರಡು ಬಗೆಯದು. ಮುಂಭಾಗಕ್ಕೆ ಹೋಲಿಸಿದರೆ ಹಿಂಭಾಗ ತೀರ ದುರ್ಬಲವಾಗಿರುವುದು ಒಂದು. ಎಡ ಬಲ ಕಾಲುಗಳಲ್ಲಿ ಬಲದ ವ್ಯತ್ಯಾಸವಿರುವುದು ಇನ್ನೊಂದು. ಹಿಂಭಾಗವು ಮುಂಭಾಗಕ್ಕೆ ಸರಿಸಮನಾಗಿರಬೇಕಿಲ್ಲ. ಎರಡು ಕಾಲುಗಳ ನಡುವೆ ಅಲ್ಪ ವ್ಯತ್ಯಾಸವಿರುವುದೂ ಸಹಜ.

ಹಿಂದಿನ ಪೆಟ್ಟು ಈ ದೋಷಕ್ಕೆ ಮುಖ್ಯ ಕಾರಣ. ಯಾವಾಗಲೂ ಒಂದೇ ಕಾಲಿನ ಮೇಲೆ ನೆಗೆಯುವುದು ಮತ್ತೊಂದು. ನಮ್ಮ ಹುಡುಗರು ಬಲಕ್ಕಾಗಿ ಬಸ್ಕಿಯನ್ನೇ ನೆಚ್ಚಿಕೊಳ್ಳುತ್ತಾರೆ. ಬಸ್ಕಿ ಒಳ್ಳೆಯದೇ, ಆದರೆ ಅದು ಹೆಚ್ಚಾಗಿ ತೊಡೆಯ ಮುಂಭಾಗಕ್ಕೂ ಪೃಷ್ಠಕ್ಕೂ ಬಲ ಕೊಡುತ್ತದೆಯೇ ಹೊರತು ಹಿಂಭಾಗದ ಸ್ನಾಯುಗಳಿಗೆ ಸಾಲದು.

ಮನೆಯಲ್ಲಿಯೇ ಪರೀಕ್ಷೆ

ನೋವು ಪೂರ್ಣವಾಗಿ ಇಳಿದ ಮೇಲೆ, ಹತ್ತು ನಿಮಿಷ ನಡೆದು, ನಿಧಾನವಾಗಿ ಓಡಿ ಮೈ ಬೆಚ್ಚಗಾದ ನಂತರ ಈ ಪರೀಕ್ಷೆಗಳನ್ನು ಮಾಡಿಸಿರಿ. ನೋವು ಕಂಡ ಕೂಡಲೇ ನಿಲ್ಲಿಸತಕ್ಕದ್ದು.

1. ಗೋಡೆಗೆ ಒತ್ತಿ ಇರಿಸಿದ ಬೆಂಚಿನ ಮೇಲೆ ಒಂದು ಹಿಮ್ಮಡಿಯನ್ನಿಟ್ಟು, ಆ ಮಂಡಿಯನ್ನು ಸ್ವಲ್ಪವೇ ಮಡಿಸಿ, ಅಂಗಾತ ಮಲಗಬೇಕು. ಇನ್ನೊಂದು ಕಾಲನ್ನು ಮೇಲಕ್ಕೆತ್ತಿ, ಸೊಂಟವನ್ನು ನೆಲದಿಂದ ಎತ್ತಿ ಇಳಿಸಬೇಕು. ಎಷ್ಟು ಸಲ ಸಾಧ್ಯವೆಂದು ಪ್ರತಿ ಕಾಲಿಗೂ ಎಣಿಸಿರಿ.

2. ಒಂಟಿಕಾಲಿನಲ್ಲಿ ಮುಂದಕ್ಕೆ ನೆಗೆದು ಅದೇ ಕಾಲಿನ ಮೇಲೆ ಸ್ಥಿರವಾಗಿ ನಿಲ್ಲಬೇಕು. ಪ್ರತಿ ಕಾಲಿಗೂ ಮೂರು ಸಲ ಅಳೆದು, ಹೆಚ್ಚಿನ ಅಳತೆಯನ್ನು ಬರೆದಿಡಿ. ಒಂದು ಕಾಲಿನ ನೆಗೆತ ಇನ್ನೊಂದರ ನೂರಕ್ಕೆ 90 ಭಾಗಕ್ಕಿಂತ ಕಡಿಮೆಯಿದ್ದರೆ ಗಮನ ಬೇಕು. ಬಲಗಾಲು 150 ಸೆಂಟಿಮೀಟರ್, ಎಡಗಾಲು 128 ಸೆಂಟಿಮೀಟರ್ ನೆಗೆದರೆ, ಎಡಗಾಲು ನೂರಕ್ಕೆ 85 ಭಾಗ ಮಾತ್ರ.

3. ಒಂಟಿಕಾಲಿನಲ್ಲಿ ನಿಂತು ಅರ್ಧ ಬಸ್ಕಿ ಹೊಡೆಯಬೇಕು. ನೀವು ಎದುರಿಗೆ ನಿಂತು ನೋಡಿರಿ. ಮಂಡಿ ಒಳಕ್ಕೆ ವಾಲಿದರೆ ಸೊಂಟದ ಪಕ್ಕದ ಸ್ನಾಯುಗಳು ದುರ್ಬಲವಾಗಿರಬಹುದು. ನೆಗೆಯುವ, ತಟಕ್ಕನೆ ತಿರುಗುವ ಆಟಗಳಲ್ಲಿ ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಆದುದರಿಂದ ಹೆಣ್ಣುಮಕ್ಕಳಲ್ಲಿ ಈ ಪರೀಕ್ಷೆಯನ್ನು ಅಲಕ್ಷಿಸಬೇಡಿ.

ಸರಿಪಡಿಸುವ ಬಗೆ

ಮೊದಲನೆಯ ಪರೀಕ್ಷೆಯೇ ಮೊದಲನೆಯ ವ್ಯಾಯಾಮ. ಆರಂಭದಲ್ಲಿ ಎರಡೂ ಕಾಲುಗಳಿಂದ, ಬಲ ಬಂದಂತೆ ಒಂಟಿಕಾಲಿನಿಂದ ಮಾಡಿಸಿರಿ. ದುರ್ಬಲವಾದ ಕಾಲಿನಿಂದ ಪ್ರಾರಂಭಿಸಿ, ಅದು ಎಷ್ಟು ಸಲ ಮಾಡಿತೋ ಬಲವಾದ ಕಾಲೂ ಅಷ್ಟೇ ಮಾಡಲಿ. ಸೊಂಟದ ಪಕ್ಕದ ಸ್ನಾಯುಗಳಿಗಾಗಿ, ಒಂದು ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತಿ ಇಳಿಸುವುದು ಹಿತಕರ.

ಹಿಂಭಾಗದ ಸ್ನಾಯುಗಳಿಗೆ ಮತ್ತೊಂದು ಉತ್ತಮ ವ್ಯಾಯಾಮವಿದೆ. ಇದಕ್ಕೆ ನಿಮ್ಮ ನೆರವು ಬೇಕು. ಮಡಿಸಿದ ಕಂಬಳಿಯ ಮೇಲೆ ಮಗನೋ ಮಗಳೋ ಮಂಡಿಯೂರಿ ನೆಟ್ಟಗೆ ನಿಲ್ಲಲಿ. ನೀವು ಹಿಂದೆ ಕುಳಿತು ಎರಡೂ ಹರಡುಗಳನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಸೊಂಟ ಬಾಗದಂತೆ ದೇಹವನ್ನು ಸಾಧ್ಯವಾದಷ್ಟು ನಿಧಾನವಾಗಿ ಮುಂದಕ್ಕೆ ಇಳಿಸಿ, ತಡೆಯಲಾಗದಾಗ ಕೈಗಳನ್ನು ನೆಲಕ್ಕೂರಿ, ಅವುಗಳಿಂದಲೇ ತಳ್ಳಿಕೊಂಡು ಮೇಲೇಳಬೇಕು. ಮೊದಲನೆಯ ವಾರ ಒಂದೇ ದಿನ, ಐದೈದರಂತೆ ಎರಡು ಸುತ್ತು ಸಾಕು. ಎರಡನೆಯ ವಾರ ಎರಡು ದಿನ, ಮುಂದೆ ವಾರಕ್ಕೆ ಮೂರು ದಿನದಂತೆ ಸಂಖ್ಯೆಯನ್ನು ಕ್ರಮೇಣ ಹೆಚ್ಚಿಸಿರಿ. ಆರಂಭದಲ್ಲಿ ಸ್ವಲ್ಪ ಮೈಕೈ ನೋವು ಸಹಜ.

ಡೆನ್ಮಾರ್ಕ್ ದೇಶದಲ್ಲಿ ವೃತ್ತಿನಿರತ ಹಾಗೂ ಹವ್ಯಾಸಿ ಫುಟ್‌ಬಾಲ್ ಆಟಗಾರರು 942 ಮಂದಿಯ ಮೇಲೆ ಈ ವ್ಯಾಯಾಮವನ್ನು ಪರೀಕ್ಷಿಸಲಾಯಿತು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಹತ್ತು ವಾರಗಳ ಅಭ್ಯಾಸ ಮಾಡಿದ ಗುಂಪಿನಲ್ಲಿ ಹಿಂದೊಡೆಗೆ ಪೆಟ್ಟಾದ ಪ್ರಸಂಗಗಳು 15. ಮಾಡದ ಗುಂಪಿನಲ್ಲಿ 52. ಇದಕ್ಕೆ ಯಾವ ಉಪಕರಣವೂ, ಖರ್ಚೂ ಬೇಕಿರಲಿಲ್ಲ ಎಂಬುದು ಗಮನಾರ್ಹ.

ವೈದ್ಯರ ಬಳಿಗೆ ಯಾವಾಗ?

ಪೆಟ್ಟಾದಾಗ 'ಟಪ್' ಎಂಬ ಶಬ್ದವಾಗಿದ್ದರೆ, ಊತ ಬಂದರೆ, ತೊಡೆ ನೀಲಿಗಟ್ಟಿದರೆ, ಕಾಲೂರಲು ಆಗದಿದ್ದರೆ, ಮಂಡಿ ಕುಸಿದಂತಾದರೆ ಕೂಡಲೇ ವೈದ್ಯರಿಗೆ ತೋರಿಸಿರಿ. ಬೆಳೆಯುವ ವಯಸ್ಸಿನ ಮಕ್ಕಳಿಗೆ ಓಡುವಾಗ ಪೃಷ್ಠದ ಬುಡದಲ್ಲಿ ಥಟ್ಟನೆ ತೀವ್ರ ನೋವು ಬಂದರೆ, ಸ್ನಾಯು ಅಂಟಿಕೊಂಡಿರುವ ಮೂಳೆಯ ತುಣುಕೇ ಕಿತ್ತು ಬಂದಿರಬಹುದು. ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದು, ಕಾಲು ಎಳೆಸುವುದು ಕೂಡದು.

ಆಟಕ್ಕೆ ಮರಳುವಾಗ ಮೊದಲು ನಡಿಗೆ, ಬಳಿಕ ಮೆಲ್ಲನೆಯ ಓಟ, ತರುವಾಯ ವೇಗದ ಓಟ, ಕಡೆಗೆ ಪಂದ್ಯ. ಎಡ ಬಲದ ಅಳತೆಗಳು ಹತ್ತಿರವಾಗುವವರೆಗೆ ತಾಳ್ಮೆ ವಹಿಸಿರಿ. "ನೋವಿಲ್ಲ, ಆಡುತ್ತೇನೆ" ಎಂದು ಮಗ ಹಟ ಹಿಡಿದರೆ ಗದರಿಸುವುದಕ್ಕಿಂತ, ಬರೆದಿಟ್ಟ ಅಳತೆಗಳನ್ನು ಅವನ ಮುಂದಿಡಿ. ಈ ಊರಹಬ್ಬದ ಪಂದ್ಯ ತಪ್ಪಿದರೆ ಮುಂದಿನ ವರ್ಷ ಆಡಬಹುದು. ಮಂಡಿ ಹಾಳಾದರೆ ಆಟ ಮಾತ್ರವಲ್ಲ, ಮುಂದೆ ಹೊಲದ ಕೆಲಸಕ್ಕೂ ಮನೆಯ ದುಡಿಮೆಗೂ ತೊಡಕಾಗುತ್ತದೆ.