ಮಕ್ಕಳ ಫುಟ್‌ಬಾಲ್ ತರಬೇತಿ: ರೀಲ್ಸ್ ತೋರಿಸದ ಆಟವನ್ನು ಕಲಿಸುವುದು ಹೇಗೆ?

10ರಿಂದ 13 ವರ್ಷದ ಮಕ್ಕಳಿಗೆ ಫುಟ್‌ಬಾಲ್ ಕಲಿಸಲು ಹುಲ್ಲುಹಾಸಿನ ಕ್ರೀಡಾಂಗಣವಾಗಲಿ, ದುಬಾರಿ ಅಕಾಡೆಮಿಯಾಗಲಿ ಬೇಕೇ ಬೇಕೆಂದಿಲ್ಲ. ಶಾಲಾ ಮೈದಾನದ ಒಂದು ಭಾಗ, ಇಬ್ಬರಿಗೊಂದಾದರೂ ಚೆಂಡು, ಒಂದಿಷ್ಟು ಕೋನ್‌ಗಳು, ಎರಡು ಬಣ್ಣದ ಬಿಬ್‌ಗಳು, ವಾರಕ್ಕೆ ಮೂರು ದಿನ 75 ನಿಮಿಷ ಕೊಡಬಲ್ಲ ಒಬ್ಬ ಕೋಚ್ ಇದ್ದರೆ ತರಬೇತಿ ಶುರು ಮಾಡಬಹುದು. ಇದಕ್ಕಿಂತ ಕಷ್ಟದ ಕೆಲಸ ಬೇರೊಂದಿದೆ. ಈಗಿನ ಮಕ್ಕಳು ಚೆಂಡು ಮುಟ್ಟುವ ಮೊದಲೇ ಮೊಬೈಲಿನಲ್ಲಿ ಮೆಸ್ಸಿ, ರೊನಾಲ್ಡೊ, ಎಂಬಾಪೆ ಅವರ ಗೋಲುಗಳನ್ನು ಲೆಕ್ಕವಿಲ್ಲದಷ್ಟು ಸಲ ನೋಡಿರುತ್ತಾರೆ. ಒಂದು ಪೂರ್ತಿ ಪಂದ್ಯವನ್ನು ಕೂತು ನೋಡಿದವರು ಮಾತ್ರ ಕಡಿಮೆ.

90 ನಿಮಿಷದ ಪಂದ್ಯದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸಾಮಾನ್ಯವಾಗಿ ಒಂದು ಗಂಟೆಗಿಂತ ಕಡಿಮೆ. ಆ ಹೊತ್ತನ್ನು 22 ಆಟಗಾರರು ಹಂಚಿಕೊಳ್ಳುವುದರಿಂದ ಒಬ್ಬೊಬ್ಬರ ಕಾಲಲ್ಲಿ ಚೆಂಡು ಉಳಿಯುವುದು ಎರಡು ಮೂರು ನಿಮಿಷವಷ್ಟೆ. ಅದರಲ್ಲೂ ರೀಲ್ಸ್ ತೋರಿಸುವುದು ಗೋಲಿನ ಹಿಂದುಮುಂದಿನ ಕೆಲವು ಸೆಕೆಂಡುಗಳನ್ನು. ಉಳಿದ ಹೊತ್ತಿನಲ್ಲಿ ನಡೆಯುವ ಓಟ, ಸುತ್ತಲಿನ ನೋಟ, ಜಾಗ ಹಿಡಿಯುವುದು, ಜೊತೆಗಾರನ ನೆರವಿಗೆ ಹೋಗುವುದು ಇವೇ ಆಟದ ಬಹುಪಾಲು. ಒಳ್ಳೆಯ ತರಬೇತಿ ಕಲಿಸಬೇಕಾದದ್ದು ಈ ಬಹುಪಾಲನ್ನು. ತಾರೆಯರ ಮೇಲಿನ ಮಕ್ಕಳ ಮೋಹವನ್ನು ಹೀಗಳೆಯದೆ, ಅದನ್ನೇ ಹಿಡಿದುಕೊಂಡು ಅವರನ್ನು ಪೂರ್ತಿ ಆಟದ ಕಡೆಗೆ ಕರೆತರಬೇಕು. ಅದರ ಹಂತಗಳು ಹೀಗಿವೆ.

ಹಂತ 1: ಸಿದ್ಧತೆ

ಮೊದಲು ಚೆಂಡಿನ ಅಳತೆ ಸರಿಯಿರಲಿ. 8ರಿಂದ 12 ವರ್ಷದವರಿಗೆ 4ನೇ ಸಂಖ್ಯೆಯ ಚೆಂಡು, 13 ತುಂಬಿದವರಿಗೆ 5ನೇ ಸಂಖ್ಯೆಯದು. ದೊಡ್ಡವರು ಆಡುವ 5ನೇ ಸಂಖ್ಯೆಯ ಚೆಂಡಿನ ಸುತ್ತಳತೆ 68–70 ಸೆಂ.ಮೀ., ತೂಕ 410–450 ಗ್ರಾಂ. ಚಿಕ್ಕ ಮಕ್ಕಳು ಇದನ್ನು ಒದೆಯಲು ಮೈಯೆಲ್ಲ ಹಿಂದಕ್ಕೆ ಬಾಗಿಸುತ್ತಾರೆ, ಆ ತಪ್ಪು ಭಂಗಿಯೇ ಅಭ್ಯಾಸವಾಗಿಬಿಡುತ್ತದೆ.

ನಮ್ಮ ಬಹುತೇಕ ಶಾಲಾ ಮೈದಾನಗಳದ್ದು ಗಟ್ಟಿ ಕೆಂಪು ಮಣ್ಣು. ಅಲ್ಲಿ ಉದ್ದ ಸ್ಟಡ್‌ನ ಬೂಟು ನೆಲಕ್ಕೆ ಇಳಿಯದೆ ಪಾದ ಹೊರಳುತ್ತದೆ. ಗಿಡ್ಡನೆಯ ರಬ್ಬರ್ ಸ್ಟಡ್‌ಗಳಿರುವ ಟರ್ಫ್ ಶೂ ಸಾಕು. ತಾರೆಯ ಹೆಸರಿನ ಜೆರ್ಸಿಗೆ ಹಣ ಹಾಕುವ ಮೊದಲು ಶಿನ್ ಗಾರ್ಡ್ ಕೊಳ್ಳಬೇಕು; ಆಟದ ನಿಯಮದ ಪ್ರಕಾರ ಅದು ಕಡ್ಡಾಯ. ಬಿಸಿಲೇರುವ ಮೊದಲು ಬೆಳಿಗ್ಗೆ ಅಥವಾ ಸಂಜೆ ನಾಲ್ಕೂವರೆಯ ನಂತರ ಅಭ್ಯಾಸ ಇಟ್ಟುಕೊಳ್ಳಬೇಕು. ಬಾಯಾರಿಕೆಗೆ ಕಾಯದೆ 20 ನಿಮಿಷಕ್ಕೊಮ್ಮೆ ನೀರು ಕುಡಿಸಬೇಕು.

ಹಂತ 2: ಮೈ ಬಿಸಿ ಮಾಡುವುದು (15 ನಿಮಿಷ)

ಮೈದಾನಕ್ಕೆ ಎರಡು ಸುತ್ತು ಓಡಿಸಿ ವಾರ್ಮ್ ಅಪ್ ಮುಗಿಸುವುದು ಹಳೆಯ ಪದ್ಧತಿ. 14 ವರ್ಷದೊಳಗಿನವರಿಗೆಂದೇ ರೂಪುಗೊಂಡ 'ಫಿಫಾ 11+ ಕಿಡ್ಸ್' ಕ್ರಮದಲ್ಲಿ ಏಳು ವ್ಯಾಯಾಮಗಳಿವೆ: ಓಡುತ್ತ ಗಕ್ಕನೆ ನಿಲ್ಲುವುದು, ಒಂಟಿ ಕಾಲಿನ ಸಮತೋಲನ, ನೆಗೆತ, ಬಿದ್ದು ಉರುಳುವುದು ಮುಂತಾದವು. ಯುರೋಪಿನ ನಾಲ್ಕು ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ, ಇದನ್ನು ಪಾಲಿಸಿದ ಮಕ್ಕಳಲ್ಲಿ ಗಾಯಗಳು ಸುಮಾರು ಅರ್ಧದಷ್ಟು ಕಡಿಮೆಯಾಗಿದ್ದವು.

ಇದರಲ್ಲಿ ನೆಗೆದು ಇಳಿಯುವುದನ್ನು ಬಿಡಿಸಿ ಕಲಿಸಬೇಕು. ಗೋಲು ಹೊಡೆದ ಮಗು ರೊನಾಲ್ಡೊನಂತೆ ಗಾಳಿಯಲ್ಲಿ ತಿರುಗಿ, ಕಾಲು ಅಗಲಿಸಿ, ಮಂಡಿ ಸೆಟೆಸಿ ಧೊಪ್ಪನೆ ಇಳಿಯುತ್ತದೆ. ಆಗ ಪೂರ್ತಿ ಭಾರ ಬೀಳುವುದು ಮಂಡಿಯ ಮೇಲೆ. ಸಂಭ್ರಮ ಬೇಡವೆಂದು ಗದರುವ ಬದಲು ಸರಿಯಾಗಿ ಇಳಿಯುವುದನ್ನು ತೋರಿಸಿದರೆ ಪಾಠ ನಾಟುತ್ತದೆ. ಪಾದದ ಮುಂಭಾಗ ಮೊದಲು ನೆಲ ಮುಟ್ಟಬೇಕು, ಸೊಂಟ ಮತ್ತು ಮಂಡಿ ಮೆಲ್ಲಗೆ ಬಾಗಬೇಕು, ಎರಡು ಮಂಡಿಗಳೂ ಒಳಕ್ಕೆ ವಾಲದೆ ಕಾಲ್ಬೆರಳುಗಳ ನೇರಕ್ಕೆ ಇರಬೇಕು. ಇಳಿದ ಸದ್ದು ಕೇಳಿಸದಿದ್ದರೆ ಕ್ರಮ ಸರಿಯಾಗಿದೆ ಎಂದು ಮಕ್ಕಳಿಗೇ ಗೊತ್ತಾಗುತ್ತದೆ.

ಹಂತ 3: ಚೆಂಡಿನೊಡನೆ ಪಳಗುವುದು (15 ನಿಮಿಷ)

ಒಬ್ಬರಿಗೊಂದು ಚೆಂಡು ಕೊಟ್ಟು, ಚೌಕದೊಳಗೆ ಎಲ್ಲರನ್ನೂ ಒಟ್ಟಿಗೆ ಓಡಾಡಲು ಬಿಡಬೇಕು. ಚೆಂಡು ಸಾಲದಿದ್ದರೆ ಇಬ್ಬಿಬ್ಬರು ಸರದಿಯಲ್ಲಿ ಆಡಬಹುದು. ಪಾದದ ಒಳಬದಿ, ಹೊರಬದಿ, ಅಂಗಾಲು ಹೀಗೆ ಬೇರೆ ಬೇರೆ ಕಡೆಯಿಂದ ಚೆಂಡು ಉರುಳಿಸುತ್ತ, ಒಬ್ಬರಿಗೊಬ್ಬರು ತಾಗದಂತೆ ಸಾಗಬೇಕು. ಕೋಚ್ ಸೀಟಿ ಊದಿದಾಗ ದಿಕ್ಕು ಬದಲಿಸಬೇಕು.

ಮಕ್ಕಳು ನೋಡಿ ಬೆರಗಾದ ಕಾಲ್ಚಳಕಗಳಿಗೆ ಇಲ್ಲಿ ಜಾಗವಿದೆ. ಕಲಿಸಲು ತಕ್ಕದ್ದು 'ಕ್ರೈಫ್ ಟರ್ನ್'. 1974ರ ವಿಶ್ವಕಪ್‌ನಲ್ಲಿ ಡಾರ್ಟ್‌ಮುಂಡ್‌ನಲ್ಲಿ ಸ್ವೀಡನ್ ವಿರುದ್ಧ ಆಡುತ್ತಿದ್ದ ನೆದರ್ಲೆಂಡ್ಸ್‌ನ ಯೋಹಾನ್ ಕ್ರೈಫ್, ತಮ್ಮನ್ನು ಕಾಯುತ್ತಿದ್ದ ಯಾನ್ ಓಲ್ಸನ್ ಅವರನ್ನು ಈ ತಿರುವಿನಿಂದ ತಬ್ಬಿಬ್ಬುಗೊಳಿಸಿದರು. ಇದನ್ನು ಬಿಡಿಸಿ ಕಲಿಸುವ ಕ್ರಮ ಹೀಗೆ:

- ಊರುವ ಕಾಲನ್ನು ಚೆಂಡಿಗಿಂತ ತುಸು ಮುಂದೆ ಇಡಬೇಕು.
- ಇನ್ನೊಂದು ಕಾಲನ್ನು ಜೋರಾಗಿ ಒದೆಯುವವರಂತೆ ಬೀಸಬೇಕು. ಎದುರಾಳಿ ಇದನ್ನು ನಂಬುವುದು ಮುಖ್ಯ.
- ಕೊನೆಯ ಗಳಿಗೆಯಲ್ಲಿ ಪಾದವನ್ನು ಒಳಕ್ಕೆ ತಿರುಗಿಸಿ, ಒಳಬದಿಯಿಂದ ಚೆಂಡನ್ನು ಊರಿದ ಕಾಲಿನ ಹಿಂಬದಿಗೆ ತಳ್ಳಬೇಕು.
- ಮೈ ತಿರುಗಿಸಿ ಮೊದಲ ಎರಡು ಹೆಜ್ಜೆಗಳನ್ನು ಪೂರ್ತಿ ವೇಗದಲ್ಲಿ ಇಡಬೇಕು.

ಕೊನೆಯ ಈ ವೇಗದ ಓಟ ಇಲ್ಲದೆ ಹೋದರೆ ತಿರುವಿನಿಂದ ಸಿಕ್ಕ ಜಾಗ ಕೈತಪ್ಪುತ್ತದೆ. ಮಕ್ಕಳಿಗೆ ಹೇಳಲೇಬೇಕಾದ ಇನ್ನೊಂದು ಸಂಗತಿಯೂ ಇದೆ. ಜಗತ್ತೇ ನೆನಪಿಟ್ಟುಕೊಂಡ ಆ ಪಂದ್ಯ ಗೋಲಿಲ್ಲದೆ ಡ್ರಾ ಆಗಿತ್ತು. ಇಕ್ಕಟ್ಟಿನಿಂದ ಹೊರಬಂದು ಮುಂದಿನ ಪಾಸ್‌ಗೆ ದಾರಿ ಮಾಡಿಕೊಳ್ಳುವುದು ಕಾಲ್ಚಳಕದ ಉದ್ದೇಶ. ಅದನ್ನು ಎಲ್ಲಿ ಬಳಸಬೇಕೆಂಬ ತಿಳಿವಳಿಕೆ ಇಲ್ಲದೆ ಹತ್ತು ಕಾಲ್ಚಳಕ ಕಲಿತರೂ ಪಂದ್ಯದಲ್ಲಿ ಪ್ರಯೋಜನವಿಲ್ಲ.

ಹಂತ 4: ಪಾಸ್ ಮತ್ತು ನೋಟ (15 ನಿಮಿಷ)

8 ಮೀಟರ್ ಚೌಕದ ನಾಲ್ಕು ಬದಿಗಳಲ್ಲಿ ನಾಲ್ವರು, ನಡುವೆ ಒಬ್ಬ. ಹೊರಗಿನವರು ಎರಡೇ ಸ್ಪರ್ಶದಲ್ಲಿ ಚೆಂಡು ದಾಟಿಸಬೇಕು. ನಡುವಿನವನಿಗೆ ಚೆಂಡು ಸಿಕ್ಕರೆ, ಕಳೆದುಕೊಂಡವರು ಒಳಗೆ ಹೋಗಬೇಕು. 'ರೊಂಡೊ' ಎಂದು ಕರೆಯುವ ಈ ಆಟ ಬಾರ್ಸಿಲೋನಾ ಕ್ಲಬ್‌ನ ತರಬೇತಿಯ ತಳಪಾಯ. ಶಾವಿ, ಇನಿಯೆಸ್ಟಾ, ಮೆಸ್ಸಿ ಬೆಳೆದದ್ದು ಇದರಲ್ಲೇ.

ಇಲ್ಲಿ ಎರಡು ಅಭ್ಯಾಸಗಳನ್ನು ಬಿಡದೆ ತಿದ್ದಬೇಕು. ಮೊದಲನೆಯದು ನಿಲ್ಲುವ ಭಂಗಿ. ಚೆಂಡು ಬರುವ ಕಡೆಗೆ ಪೂರ್ತಿ ಎದೆಯೊಡ್ಡಿ ನಿಲ್ಲದೆ ಓರೆಯಾಗಿ ನಿಂತು, ದೂರದ ಕಾಲಿನಿಂದ ಚೆಂಡು ತಡೆದರೆ ಮುಂದಿನ ಪಾಸ್ ತಾನಾಗಿ ತೆರೆದುಕೊಳ್ಳುತ್ತದೆ. ಎರಡನೆಯದು ಚೆಂಡು ಬರುವ ಮುನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡುವುದು. ನಾರ್ವೆಯ ಸಂಶೋಧಕ ಗೇರ್ ಯೋರ್ಡೆಟ್ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಟಗಾರರ ವಿಡಿಯೊಗಳನ್ನು ಪರಿಶೀಲಿಸಿದಾಗ, ಚೆಂಡು ಸಿಗುವ ಮೊದಲು ಹೆಚ್ಚು ಸಲ ಸುತ್ತ ನೋಡುವವರ ಪಾಸ್‌ಗಳು ಹೆಚ್ಚು ಗುರಿ ಮುಟ್ಟುತ್ತವೆ ಎಂಬುದು ಕಂಡುಬಂತು. ಗೋಲಿನ ತುಣುಕುಗಳಲ್ಲಿ ಈ ನೋಟ ಕಾಣಿಸುವುದೇ ಇಲ್ಲ.

ಇದನ್ನು ರೂಢಿಸಲು ಸುಲಭದ ದಾರಿಯಿದೆ. ಪಾಸ್ ಪಡೆಯುವ ಮಗುವಿನ ಹಿಂದೆ ಕೋಚ್ ನಿಂತು ಕೆಂಪು ಅಥವಾ ಹಳದಿ ಬಿಬ್ ಎತ್ತಿ ಹಿಡಿಯಬೇಕು. ಚೆಂಡು ಕಾಲಿಗೆ ಬರುವ ಮೊದಲು ಮಗು ಆ ಬಣ್ಣವನ್ನು ಕೂಗಿ ಹೇಳಬೇಕು.

ಹಂತ 5: ಸಣ್ಣ ತಂಡಗಳ ಪಂದ್ಯ (25 ನಿಮಿಷ)

ಹದಿನೈದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದ ಗೋಲಿಗೆ ಒದೆಸುವ ಪದ್ಧತಿ ಅನೇಕ ಕಡೆ ಇನ್ನೂ ಇದೆ. ಅದರಲ್ಲಿ ಮಕ್ಕಳು ಆಡುವುದಕ್ಕಿಂತ ಕಾಯುವುದೇ ಹೆಚ್ಚು. ಅದರ ಬದಲು 25 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗದಲ್ಲಿ ನಾಲ್ಕು ನಾಲ್ಕು ಮಂದಿಯ ಪಂದ್ಯ ಆಡಿಸಿದರೆ ಪ್ರತಿ ಮಗುವಿಗೂ ಚೆಂಡು ಸಿಗುತ್ತದೆ, ಪ್ರತಿಯೊಬ್ಬರೂ ದಾಳಿ ಮತ್ತು ರಕ್ಷಣೆ ಎರಡನ್ನೂ ಮಾಡಬೇಕಾಗುತ್ತದೆ. ಜರ್ಮನಿಯ ಫುಟ್‌ಬಾಲ್ ಸಂಸ್ಥೆ 2024–25ರ ಋತುವಿನಿಂದ ಅತಿ ಚಿಕ್ಕ ಮಕ್ಕಳಿಗೆ ನಾಲ್ಕು ಪುಟ್ಟ ಗೋಲುಗಳಿರುವ ಇಂಥ ಕಿರು ಪಂದ್ಯಗಳನ್ನೇ ಕಡ್ಡಾಯಗೊಳಿಸಿದೆ. ಬ್ರೆಜಿಲ್‌ನ ರೊನಾಲ್ಡಿನ್ಯೊ 2005ರ ಜಾಹೀರಾತೊಂದರಲ್ಲಿ ಗೋಲಿನ ಅಡ್ಡಪಟ್ಟಿಗೆ ಮತ್ತೆ ಮತ್ತೆ ಚೆಂಡು ಹೊಡೆದಂತೆ ತೋರಿಸಿದ್ದನ್ನು ಮಕ್ಕಳು ಇಂದಿಗೂ ಅನುಕರಿಸುತ್ತಾರೆ. ಆ ಕಾಲುಗಳು ಪಳಗಿದ್ದು ಐದೈದು ಮಂದಿ ಆಡುವ ಫುಟ್ಸಾಲ್‌ನ ಇಕ್ಕಟ್ಟಿನ ಅಂಗಳದಲ್ಲಿ ಎಂಬುದನ್ನೂ ಅವರಿಗೆ ತಿಳಿಸಬೇಕು.

ಕಿರು ಪಂದ್ಯಕ್ಕೆ ದಿನಕ್ಕೊಂದು ವಿಶೇಷ ನಿಯಮ ಸೇರಿಸಬಹುದು. ಇದಕ್ಕೆ ಮಾದರಿ ನಮ್ಮ ನೆರೆಯ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಶಾಲಾ ಶಿಕ್ಷಕರಾಗಿದ್ದ ಅವರು ಡ್ರಿಬ್ಲಿಂಗ್ ಮಾಡುವಂತಿಲ್ಲದ ಪಂದ್ಯಾವಳಿಗಳನ್ನೂ ಬಲವಿಲ್ಲದ ಕಾಲಿನಿಂದಷ್ಟೇ ಆಡಬೇಕಾದ ಪಂದ್ಯಾವಳಿಗಳನ್ನೂ ನಡೆಸುತ್ತಿದ್ದರು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಚಿನ್ನ ಗೆದ್ದ ಭಾರತ ತಂಡ ಅವರ ಗರಡಿಯದು. 2024ರ 'ಮೈದಾನ್' ಚಿತ್ರದ ಕಥೆಯೂ ಅವರದ್ದೇ. ಒಂದು ದಿನ ಎರಡೇ ಸ್ಪರ್ಶ, ಇನ್ನೊಂದು ದಿನ ಎಡಗಾಲಿನ ಗೋಲಿಗೆ ದುಪ್ಪಟ್ಟು ಅಂಕ ಎಂದು ಇಟ್ಟರೆ ರಹೀಂ ಅವರ ಪಾಠ ಇಂದಿನ ಮೈದಾನದಲ್ಲೂ ನಡೆಯುತ್ತದೆ.

ಎಲ್ಲರಿಗೂ ಸ್ಟ್ರೈಕರ್ ಆಗುವಾಸೆ. ಆದ್ದರಿಂದ ಗೋಲ್‌ಕೀಪರ್ ಸೇರಿ ಎಲ್ಲ ಸ್ಥಾನಗಳಲ್ಲೂ ಸರದಿ ಪ್ರಕಾರ ಆಡಿಸಬೇಕು. ಪೆಟ್ಟಾಗದೆಯೂ ಬಿದ್ದು ಹೊರಳಾಡುವುದನ್ನು ಟಿ.ವಿ.ಯಿಂದ ಕಲಿತು ಬರುವವರಿದ್ದಾರೆ. ರೆಫರಿಯನ್ನು ಹೀಗೆ ವಂಚಿಸುವುದಕ್ಕೂ, ಗೋಲಿನ ಖುಷಿಯಲ್ಲಿ ಅಂಗಿ ಕಳಚುವುದಕ್ಕೂ ಹಳದಿ ಕಾರ್ಡ್ ಇದೆ ಎಂಬುದನ್ನು ಮೊದಲ ವಾರವೇ ಹೇಳಬೇಕು.

ಹಂತ 6: ಮುಕ್ತಾಯ (5 ನಿಮಿಷ)

ನಿಧಾನ ನಡಿಗೆ, ಮೀನಖಂಡ ಮತ್ತು ತೊಡೆಯ ಸ್ನಾಯುಗಳನ್ನು ಹಗುರವಾಗಿ ಎಳೆಯುವುದು, ನೀರು. ಬಳಿಕ ವೃತ್ತದಲ್ಲಿ ಕೂರಿಸಿ, ಜೊತೆಗಾರ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಪ್ರತಿಯೊಬ್ಬರಿಂದಲೂ ಹೇಳಿಸಬೇಕು. ಆಗ ಗೋಲು ಹೊಡೆಯದವರ ಹೆಸರೂ ಬರುತ್ತದೆ.

ಹೆಡರ್ ಯಾವಾಗ?

ಎಳೆಯ ಮೆದುಳಿನ ಸುರಕ್ಷತೆಗಾಗಿ ಅನೇಕ ದೇಶಗಳು ತಲೆಯಿಂದ ಚೆಂಡು ಹೊಡೆಯುವ ಹೆಡರ್‌ಗೆ ಕಡಿವಾಣ ಹಾಕಿವೆ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿ 10 ವರ್ಷದವರೆಗಿನವರಿಗೆ ಹೆಡರ್ ನಿಷೇಧಿಸಿ, 11ರಿಂದ 13ರವರಿಗೆ ಅಭ್ಯಾಸದಲ್ಲಿ ಮಿತಿ ಹೇರಿತು. ಇಂಗ್ಲೆಂಡ್ 2020ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ತರಬೇತಿಯಿಂದ ಅದನ್ನು ಕೈಬಿಟ್ಟಿತು. ನಮ್ಮ ಶಾಲೆಗಳೂ ಇದೇ ದಾರಿ ಹಿಡಿಯುವುದು ಒಳ್ಳೆಯದು.

ಮೈದಾನದ ಹೊರಗೆ

ತಾರೆಯರ ಅಭಿಮಾನ ತಪ್ಪಲ್ಲ. ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿ ಪೆಲೆ ಅವರ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಆ ಬಡಾವಣೆಯಿಂದ ಹೊರಬಂದ ಆಟಗಾರರು ಬಹಳ ಮಂದಿ. ಅಲ್ಲಿ ಅಭಿಮಾನದ ಜೊತೆಗೆ ದಿನವೂ ಆಟ ನಡೆಯಿತು. ವಿಡಿಯೊ ಗೇಮ್‌ಗಳಿಂದಲೂ ಆಫ್‌ಸೈಡ್, ತಂಡದ ರಚನೆ, ಸ್ಥಾನಗಳ ಪರಿಚಯವಾಗುತ್ತದೆ. ಆದರೆ ಆಟಗಾರರಿಗೆ ಅವು ಕೊಡುವ ಅಂಕಗಳನ್ನು ನೋಡಿ 'ನನ್ನ ವೇಗ ಇಷ್ಟೇ' ಎಂದು ಹತ್ತು ವರ್ಷದ ಮಗು ತನ್ನನ್ನು ತಾನೇ ಅಳೆದುಕೊಳ್ಳಬಾರದು. ಆ ವಯಸ್ಸಿನಲ್ಲಿ ಬೆಳವಣಿಗೆ ಮಗುವಿನಿಂದ ಮಗುವಿಗೆ ಬೇರೆಯಾಗಿರುತ್ತದೆ.

ವಾರಕ್ಕೊಂದು ಪೂರ್ತಿ ಪಂದ್ಯ ನೋಡಿಸುವುದು ಒಳ್ಳೆಯ ಮನೆಗೆಲಸ. ಚೆಂಡನ್ನು ಬಿಟ್ಟು ಹತ್ತು ನಿಮಿಷ ಒಬ್ಬನೇ ಆಟಗಾರನನ್ನು ಗಮನಿಸಿ, ಅವನು ಎಲ್ಲಿ ನಿಂತ, ಯಾವಾಗ ಓಡಿದ ಎಂದು ಬರೆಸಬೇಕು. ಕ್ರೀಡಾಂಗಣಕ್ಕೇ ಕರೆದೊಯ್ದರೆ ಇನ್ನೂ ಉತ್ತಮ, ಏಕೆಂದರೆ ಕ್ಯಾಮೆರಾ ತೋರಿಸದ ಓಟಗಳೆಲ್ಲ ಅಲ್ಲಿ ಕಣ್ಣಿಗೆ ಬೀಳುತ್ತವೆ. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ತಂದ ಕರ್ನಾಟಕ ತಂಡದ ಆಟವೂ ಮಕ್ಕಳಿಗೆ ಗೊತ್ತಿರಬೇಕು.

ಪೋಷಕರು ಗೆರೆಯಾಚೆಯಿಂದ 'ಒದಿ, ಓಡು' ಎಂದು ಕೂಗಿದರೆ ಮಗು ಯೋಚಿಸುವುದನ್ನು ನಿಲ್ಲಿಸುತ್ತದೆ. ಮನೆಗೆ ಬಂದ ಮೇಲೆ ಎಷ್ಟು ಗೋಲು ಎಂದು ಕೇಳುವುದಕ್ಕಿಂತ ಇವತ್ತು ಹೊಸದಾಗಿ ಏನು ಪ್ರಯತ್ನಿಸಿದೆ ಎಂದು ಕೇಳುವುದು ಮೇಲು.

ಮೂರು ತಿಂಗಳ ಬಳಿಕ ಪರೀಕ್ಷೆ

ಪ್ರಗತಿಯನ್ನು ಗೋಲುಗಳಲ್ಲಿ ಅಳೆಯಬಾರದು. ಕೋಚ್ ಪ್ರತಿ ಮಗುವಿನ ಬಗ್ಗೆ ಈ ನಾಲ್ಕು ಅಂಶಗಳನ್ನು ಬರೆದಿಡಬೇಕು: ಎರಡೂ ಕಾಲುಗಳನ್ನು ಬಳಸುತ್ತದೆಯೇ, ಚೆಂಡು ಬರುವ ಮೊದಲು ಸುತ್ತ ನೋಡುತ್ತದೆಯೇ, ಚೆಂಡು ಕಳೆದುಕೊಂಡ ಕೂಡಲೇ ಹಿಂತಿರುಗಿ ಓಡುತ್ತದೆಯೇ, ಕರೆಯದೆಯೇ ಅಭ್ಯಾಸಕ್ಕೆ ಬರುತ್ತದೆಯೇ. ನಾಲ್ಕಕ್ಕೂ 'ಹೌದು' ಎಂದಾದರೆ ಮುಂದಿನ ಹಂತದ ತರಬೇತಿಗೆ ಮಗು ಸಿದ್ಧ. ಯಾವುದಕ್ಕೆ 'ಇಲ್ಲ' ಎಂದು ಬರುತ್ತದೆಯೋ ಅದಕ್ಕೆ ಸಂಬಂಧಿಸಿದ ಹಂತಕ್ಕೆ ಮುಂದಿನ ತಿಂಗಳು ಐದು ನಿಮಿಷ ಹೆಚ್ಚು ಕೊಡಬೇಕು.